೪೪೭೧

ಯಾಓ ಊರಿನಲ್ಲಿ ಫೋನಿಗೆ ಜೀವ ಬರುವುದು ಒಂದೇ ಕಡೆ:
ಹಳೆಯ ಹತ್ತಿ ಗೋದಾಮಿನ ಮೂರನೆಯ ಮೆಟ್ಟಿಲ ಮೇಲೆ,
ಅದೂ ಎಡಗೈಯಲ್ಲಿ ಹಿಡಿದರೆ.
ಅಲ್ಲಿ ಕೂತಿದ್ದಾಗ ಬಂತು:
'೪೪೭೧. ಆರು ಗಂಟೆಯಿಂದ ಅಲುಗಿಲ್ಲ.
ಮೈಯ ಬಿಸಿ ನೆಲದ ಬಿಸಿಗೆ ಸಮ.'

ಯಂತ್ರಕ್ಕೆ ಸಾವು ಎಂಬ ಪದ ಯಾರೂ ಕಲಿಸಿಲ್ಲ,
ಅದಕ್ಕೇ ಇಷ್ಟು ಚೆನ್ನಾಗಿ ಹೇಳುತ್ತದೆ.

ಕೊಕ್ಕರೆ. ಪೋಲೆಂಡಿನ ಒಂದು ಹಳ್ಳಿಯ
ಚಿಮಣಿಯ ಮೇಲೆ ಮೊಟ್ಟೆಯೊಡೆದದ್ದು.
ಬೆನ್ನಿಗೆ ಬಿಸಿಲು ತಿಂದು ಬದುಕುವ ಪೆಟ್ಟಿಗೆ,
ಬೆಂಕಿಪೊಟ್ಟಣಕ್ಕಿಂತ ಒಂದು ನೂಲು ದೊಡ್ಡದು.
ಅಲ್ಲಿನ ಶಾಲೆಯ ಮಕ್ಕಳು ಇಟ್ಟ ಹೆಸರು ಯಾಗೊದಾ.
ನಾನು ಕೂಗಿದರೆ ಸೀನಿದ ಹಾಗಾಗುತ್ತದೆ,
ನನಗದು ೪೪೭೧ ಅಷ್ಟೇ.

ಪೆಟ್ರೋಲು ಎರಡು ಬಾಟಲಿ ಕೊಂಡೆ, ಗುದ್ದಲಿ ಕಟ್ಟಿಕೊಂಡೆ.
ಬೆಳಗಿನ ಜಾವ ಮತ್ತೆ ಸದ್ದು:
'ಚಲನೆ ಕಂಡಿದೆ. ಎಚ್ಚರಿಕೆ ರದ್ದು.'
ಸತ್ತದ್ದು ಎದ್ದು ಕೂತಿತೆಂದು ಹಿಸ್ಸೇನ್ ಹಿಗ್ಗಿ
ನನ್ನ ಚಹಾಕ್ಕೆ ಇನ್ನೊಂದು ಹಿಡಿ ಸಕ್ಕರೆ ಸುರಿದ.

ಆಮೇಲಿನ ಹತ್ತು ದಿನ ಚುಕ್ಕಿಗಳನ್ನು ನೋಡಿದೆ.
ಬೆಳಿಗ್ಗೆ ಬಾವಿಗೆ. ಮಧ್ಯಾಹ್ನ ಜಾಲಿಯ ನೆರಳಿಗೆ.
ಕೆರೆ ಹಿಂದೆ ಸರಿದ ಮಣ್ಣಿನಲ್ಲಿ
ಬಿಳಿಜೋಳದ ಕೂಳೆಯ ನಡುವೆ ಅಡ್ಡಾದಿಡ್ಡಿ.
ಸಂಜೆ, ಪ್ರತಿ ಸಂಜೆ, ಅದೇ ಗುಡಿಸಲ ಹಿಂದೆ.
ಮರಕ್ಕೆ ಹಾರುವುದಿಲ್ಲ, ನೀರಿಗೆ ಇಳಿಯುವುದಿಲ್ಲ.
ಯಂತ್ರ ಹೇಳಿತು: ಆರೋಗ್ಯವಾಗಿದೆ.

ಹೋದೆ.
ಕರಿ ಮೇಕೆಯ ಕೊರಳಲ್ಲಿ, ಚರ್ಮದ ತಾಯತದ ಪಕ್ಕ,
ಕೆಂಪು ದಾರದಲ್ಲಿ ನೇತಾಡುತ್ತಿತ್ತು ೪೪೭೧.

ಖಮೀಸಾ, ಒಂಬತ್ತೋ ಹತ್ತೋ ವರ್ಷ, ಏನೂ ಮುಚ್ಚಿಡಲಿಲ್ಲ.
ಅಣ್ಣ ಕವಣೆ ಬೀಸಿದ. ಅಜ್ಜಿ ಬೇಯಿಸಿದಳು.
ಜೋಳದ ಮುದ್ದೆಗೆ ಆವತ್ತು ಸಾರಿತ್ತು.
'ಹೋದ ತಿಂಗಳು ಇದರ ತಾಯಿಯನ್ನು ಕತ್ತೆಕಿರುಬ ಒಯ್ದಿತು.
ಹಕ್ಕಿ ಅಷ್ಟು ದೂರದಿಂದ ಹೊತ್ತು ತಂದದ್ದಲ್ಲವೇ,
ಶಕ್ತಿಯಿರಬೇಕು ಎಂದು ಕಟ್ಟಿದೆ.'

ನಾನು ತಿಳಿಸಿ ಹೇಳಿದೆ: ಇದು ಕಾಯುವುದಿಲ್ಲ ಮಗಳೇ,
ಎಲ್ಲಿದೆ ಎಂದು ಹೇಳುತ್ತದೆ, ಅಷ್ಟೇ.
'ಯಾರಿಗೆ?'
ದೂರದವರಿಗೆ.
'ಅವರಿಗೆ ನನ್ನ ಮೇಕೆ ಗೊತ್ತಾ?'
ಹತ್ತು ದಿನದಿಂದ, ಎಂದೆ. ನಿನಗಿಂತ ಚೆನ್ನಾಗಿ.
ಅವಳು ಮೇಕೆಯ ಕಡೆ ತಿರುಗಿ
ಮೊದಲ ಸಲ ನೋಡಿದ ಹಾಗೆ ನೋಡಿದಳು.

ನನ್ನ ಕಾಗದದಲ್ಲಿ ಸಾವಿನ ಕಾರಣಕ್ಕೆ ಐದು ಮನೆಗಳಿವೆ:
ವಿದ್ಯುತ್ ತಂತಿ, ವಿಷ, ಬೇಟೆಪ್ರಾಣಿ, ರೋಗ, ಗೊತ್ತಿಲ್ಲ.
ಅಜ್ಜಿಯನ್ನು ಯಾವ ಮನೆಯಲ್ಲಿ ಕೂರಿಸಲಿ?
ಅವಳು ಒಲೆಯ ಬಳಿಯಿಂದಲೇ, ಮೂಳೆ ಗಟ್ಟಿ, ಮಾಂಸ ಕಡಿಮೆ,
ಎಂದು ದೂರು ಹೇಳಿದಳು, ನಾನೇ ಮಾರಿದವನೇನೋ ಎಂಬಂತೆ.

ಪೆಟ್ಟಿಗೆ ಬಿಡುವಂತಿಲ್ಲ.
ಅದರ ಬೆಲೆಗೆ ಈ ಊರಿನ ಮೇಕೆಗಳೆಲ್ಲ ಬರುತ್ತವೆ,
ಅದನ್ನು ಹೇಳದೆ ದಾರ ಬಿಚ್ಚಿದೆ.
ಬದಲಿಗೆ ಬೈಕಿನ ಹಿಡಿಗೆ ಕಟ್ಟಿಕೊಂಡಿದ್ದ
ಹಿತ್ತಾಳೆಯ ಕಿರುಗಂಟೆ ಕೊಟ್ಟೆ.
ಕೂಗಳತೆಯವರೆಗೆ ಕೇಳುತ್ತದೆ.
ಖಮೀಸಾ ಮೂರು ಸಲ ಆಡಿಸಿ ನೋಡಿ, ಆಗಲಿ ಎಂದಳು.

ಕೆರೆ ಬಳಸಿ ಹೊರಟೆ. ಎದೆಯ ಜೇಬಿನಲ್ಲಿ ಪೆಟ್ಟಿಗೆ,
ಬಿಸಿಲಲ್ಲಿ, ಬಡಗಣ ದಿಕ್ಕಿಗೆ.
ಗೋದಾಮಿನ ಮೆಟ್ಟಿಲು ಹತ್ತಿದೊಡನೆ ಫೋನು ಗಿರಗುಟ್ಟಿತು:
'೪೪೭೧. ಗಂಟೆಗೆ ನಲವತ್ತು ಕಿಲೋಮೀಟರು. ಉತ್ತರಕ್ಕೆ.
ವಲಸೆ ಆರಂಭ.'
ಅದರ ಬೆನ್ನಿಗೇ ಇನ್ನೊಂದು, ಶಾಲೆಯಿಂದ ಬಂದ ಚಿತ್ರ:
ಹಲ್ಲು ಬಿದ್ದ ಮಕ್ಕಳು, ಚಿಮಣಿ,
ಗೂಡಿಗೆ ಹೊಸದಾಗಿ ಒಟ್ಟಿದ ಕಡ್ಡಿಗಳು.

ಕೊಟ್ಟಿಗೆಯ ವಾಸನೆ ಇನ್ನೂ ಜೇಬಿನಲ್ಲಿತ್ತು.
ಪೆನ್ನು ತೆಗೆದೆ. ಐದು ಮನೆಗಳ ಕೆಳಗೆ
ಆರನೆಯದೊಂದನ್ನು ಗೀರಿದೆ, ಸೊಟ್ಟಗೆ,
ಒಳಗೆ ಏನು ಬರೆಯುವುದೆಂದು ಕೂತೆ.
ಹಿಸ್ಸೇನ್ ಚಹಾ ತಂದ. ಸಕ್ಕರೆ ಮುಗಿದಿತ್ತು.